ಶುಭಾಳಿಗೆ ಮೊದಲು ಹೇಳು

ಸುವೊನ್, ದಕ್ಷಿಣ ಕೊರಿಯಾ

ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಪುಟ್ಟಿಯ ನೆಗಡಿ ವಾಸಿಯಾಯಿತು. ಇವರಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ, ಬೇರೇನಿಲ್ಲ. ತಂಗಿ ಶುಭಾಳ ಮದುವೆ ಮಾತಿನ ಬಗ್ಗೆ ನೀನು ಬರೆದ ಕಾಗದ ಸಿಕ್ಕಿತು. ಫೋನಿನಲ್ಲೇ ಮಾತಾಡೋಣ ಅಂದರೆ ನೀನು ಸ್ಪೀಕರ್ ಹಾಕುತ್ತೀಯ, ಶುಭಾ ಪಕ್ಕದಲ್ಲೇ ಕೂತಿರುತ್ತಾಳೆ. ವಾಟ್ಸಾಪ್ ಕಳಿಸಿದರೆ ನಿನಗೆ ಓದಿ ಹೇಳುವವಳೂ ಅವಳೇ. ಅದಕ್ಕೇ ನಾನೂ ಕಾಗದ ಬರೆಯುತ್ತಿದ್ದೇನೆ. ಓದಿದ ಮೇಲೆ ಅಕ್ಕಿ ಡಬ್ಬದಲ್ಲಿ ಮಾತ್ರ ಇಡಬೇಡ, ಅನ್ನಕ್ಕಿಡುವವಳೂ ಅವಳೇ ಅಲ್ವಾ.

ಮೊದಲು ನಿನ್ನ ಸಣ್ಣ ಪ್ರಶ್ನೆ. ಕೊರಿಯಾದಲ್ಲಿ ನಿಜವಾಗಲೂ ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲಾಗುತ್ತವಾ ಅಂತ ಕೇಳಿದ್ದೀಯ. ಇಲ್ಲಮ್ಮ. ಪುಟ್ಟಿ ನಮ್ಮ ಪುಟ್ಟಿಯೇ, ಮೂಗು ನೋಡಿದರೆ ಸಾಕು, ಅಪ್ಪನದೇ ಮೂಗು. ಅದೆಲ್ಲ ಧಾರಾವಾಹಿಯ ಕಥೆ. 2000ದಲ್ಲಿ ಬಂದ 'ಆಟಮ್ ಇನ್ ಮೈ ಹಾರ್ಟ್'ನಲ್ಲಿ ಹಾಗೆ ಮಾಡಿದರು. ಆಸ್ಪತ್ರೆಯಲ್ಲಿ ಬದಲಾದ ಹುಡುಗಿ, ಅಣ್ಣ ಅಂದುಕೊಂಡಿದ್ದವನ ಮೇಲೆಯೇ ಪ್ರೀತಿ, ಕೊನೆಗೆ ರಕ್ತದ ಕ್ಯಾನ್ಸರ್. ಎರಡು ವರ್ಷ ಬಿಟ್ಟು 'ವಿಂಟರ್ ಸೊನಾಟಾ' ಬಂತು. ಅದರಲ್ಲೂ ಪ್ರೀತಿಸಿದವರು ತಾವು ಅಣ್ಣ ತಂಗಿಯೇ ಇರಬೇಕು ಅಂತ ನಂಬಿ ಗೋಳಾಡುತ್ತಾರೆ, ಆಮೇಲೆ ಅವನ ಅಪ್ಪ ಬೇರೆಯವರು ಅಂತ ಗೊತ್ತಾಗುತ್ತದೆ. ಆ ಜೋಡಿಗೆ ನಾಮಿ ದ್ವೀಪದಲ್ಲಿ ಕಂಚಿನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, ಜನ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಸೀರೆ ಉಟ್ಟಿದ್ದಕ್ಕೆ ಸಾಲಿನಲ್ಲಿದ್ದವರು ಪ್ರತಿಮೆ ಬಿಟ್ಟು ನನ್ನ ಫೋಟೋ ತೆಗೆದರು!

ನಮ್ಮ ಮನೆ ಓನರಮ್ಮನಿಗೆ ಈ ಧಾರಾವಾಹಿಗಳೆಂದರೆ ಪ್ರಾಣ. ಶನಿವಾರ, ಭಾನುವಾರ ರಾತ್ರಿ ಎಂಟಕ್ಕೆ ಕೆಬಿಎಸ್ ಅನ್ನುವ ಚಾನೆಲ್ಲಿನಲ್ಲಿ ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಬರುತ್ತದೆ. ಒಂದೊಂದೂ ಐವತ್ತರ ಆಸುಪಾಸು ಕಂತು. ನಮ್ಮ ಸೀರಿಯಲ್ಲಿನ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ, ಆ ಮರ್ಯಾದೆ ಇವರಿಗಿದೆ. ಆದರೆ ಬೆಳಗಿನ ಹೊತ್ತಿನವು ನಮ್ಮನ್ನೂ ಮೀರಿಸುತ್ತವೆ. 2014ರ ಒಂದರಲ್ಲಿ ಅತ್ತೆ ಅಳಿಯನ ಕೆನ್ನೆಗೆ ಮಸಾಲೆ ಸಮೇತ ಇಡೀ ಕಿಮ್ಚಿಯಿಂದಲೇ, ಅಂದರೆ ಇಲ್ಲಿಯ ಎಲೆಕೋಸಿನ ಉಪ್ಪಿನಕಾಯಿಯಿಂದಲೇ ಬಾರಿಸುತ್ತಾಳೆ. ಓನರಮ್ಮ ಅದನ್ನು ಫೋನಿನಲ್ಲಿ ಹುಡುಕಿ ತೋರಿಸಿ, ನಕ್ಕು ನಕ್ಕು ಸೋಫಾದಿಂದ ಜಾರಿದರು.

ಈಗ ನಿಜವಾದ ವಿಷಯ.

ಸಾಗರದ ಸಂಬಂಧ ಶುಭಾಳೇ ಮೆಚ್ಚಿದ ಹುಡುಗ. ಇಬ್ಬರೂ ಒಂದೇ ಆಫೀಸು. ಅವರ ಮನೆಯವರೂ ಒಳ್ಳೆಯವರು. ಅವರು ಭಾರದ್ವಾಜ ಗೋತ್ರ, ನಾವು ಕಾಶ್ಯಪ, ಜಾತಕ ಕೂಡಿದೆ. ಇಷ್ಟೇ ಆಗಿದ್ದರೆ ನೀನು ರಾತ್ರಿ ನಿದ್ದೆ ಬಿಡುತ್ತಿರಲಿಲ್ಲ. ಕೊಪ್ಪದ ಚಿಕ್ಕಪ್ಪನದೂ ಭಾರದ್ವಾಜವೇ ಅನ್ನುವುದು ನಿನಗೆ, ಅಪ್ಪನಿಗೆ, ನನಗೆ ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಚಿಕ್ಕಮ್ಮ ಹೋದ ಮೇಲೆ ಅವಳ ಹಸಿಗೂಸು ಶುಭಾಳನ್ನು ಮಡಿಲಿಗೆ ಹಾಕಿಕೊಂಡವಳು ನೀನು. ಯಾರ ಮಗಳು ಅಂತ ಆಗ ನೀನು ಯೋಚಿಸಲಿಲ್ಲ, ಈಗ ಗೋತ್ರ ಬಂದು ಬಾಗಿಲು ತಟ್ಟಿದೆ.

ಇದನ್ನೇ ನಾನು ಹೆಸರು ಹೇಳದೆ, ಯಾರದೋ ಮನೆಯ ಕಥೆ ಅಂತ ಓನರಮ್ಮನಿಗೆ ಹೇಳಿದೆ. ಅವರು ಆಶ್ಚರ್ಯವೇ ಪಡಲಿಲ್ಲ. ಇಲ್ಲೂ ಒಂದೇ ಮೂಲಸ್ಥಾನದ, ಒಂದೇ ಮನೆತನದ ಹೆಸರಿನವರು ಮದುವೆಯಾಗುವ ಹಾಗಿರಲಿಲ್ಲವಂತೆ. ಗಿಮ್ಹೆ ಊರಿನ ಮೂಲದ ಕಿಮ್ ಮನೆತನದವರೇ ನಲವತ್ತು ಲಕ್ಷಕ್ಕೂ ಹೆಚ್ಚಿದ್ದಾರೆ, ಅಷ್ಟೂ ಜನ ಅಣ್ಣ ತಮ್ಮಂದಿರು ಅಂತ ಲೆಕ್ಕ! ಓನರಮ್ಮನ ಅಕ್ಕ ಅಂಥವನನ್ನೇ ಪ್ರೀತಿಸಿ ಮನೆ ಬಿಟ್ಟು ಬಂದವರು. ವರ್ಷಗಟ್ಟಲೆ ಮದುವೆ ನೋಂದಣಿ ಆಗಲಿಲ್ಲ. ಸರ್ಕಾರ 1978, 1988, 1996ರಲ್ಲಿ ಇಂಥ ಜೋಡಿಗಳಿಗೆ ಅಂತಲೇ ಸ್ವಲ್ಪ ಕಾಲ ನೋಂದಣಿಗೆ ಅವಕಾಶ ಕೊಟ್ಟಿತಂತೆ, 1988ರಲ್ಲಿ ಅಕ್ಕ ಮಗನನ್ನು ಕೈಹಿಡಿದುಕೊಂಡು ಹೋಗಿ ಸಹಿ ಹಾಕಿ ಬಂದರಂತೆ. 1997ರಲ್ಲಿ ಇಲ್ಲಿಯ ಸಂವಿಧಾನ ನ್ಯಾಯಾಲಯ ಆ ನಿಷೇಧವೇ ಸರಿಯಲ್ಲ ಅಂದಿತು, 2005ರಲ್ಲಿ ಕಾನೂನೂ ಬದಲಾಯಿತು. ಈಗ ಹತ್ತಿರದ ನಂಟಿದ್ದರೆ ಮಾತ್ರ ಅಡ್ಡಿ.

ನಾನು ಸುಮ್ನಿರದೆ, ನಮ್ಮ ಅಪ್ಪ ಅಮ್ಮ ಅತ್ತೆ ಮಗ, ಮಾವನ ಮಗಳು ಅಂದುಬಿಟ್ಟೆ. ಓನರಮ್ಮನ ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಾಗೇ ನಿಂತಿತು. ಸಗೋತ್ರಕ್ಕೆ ಹೌದೌದು ಎಂದು ತಲೆದೂಗಿದವರು, ಸೋದರಿಕೆಯ ಮದುವೆ ಅಂದ ತಕ್ಷಣ ಬಾಯಿ ಮುಚ್ಚಿಕೊಂಡರು! ನಮ್ಮ ಕಡೆ ಅದೇ ಒಳ್ಳೆಯ ಸಂಬಂಧ, ನಮ್ಮಮ್ಮ ಅಪ್ಪನನ್ನು ಇವತ್ತಿಗೂ ಜೋರಾಗಿ ಗದರಿಸುತ್ತಾಳೆ ಅಂತ ನಾನೂ ಬಿಟ್ಟುಕೊಡಲಿಲ್ಲ.

ನಮ್ಮಲ್ಲೂ ಕಾನೂನಿನ ಭಯ ಬೇಡ. 1955ರ ಹಿಂದೂ ವಿವಾಹ ಕಾಯ್ದೆ ಸಗೋತ್ರಕ್ಕೆ ಅಡ್ಡ ಬರುವುದಿಲ್ಲ. ಹುಡುಗನ ಮನೆಗೂ ಚಿಕ್ಕಪ್ಪನ ಮನೆಗೂ ಹತ್ತಿರದ ನಂಟು ಇದೆಯಾ ಅಂತ ಮಾತ್ರ ಹಿರಿಯರನ್ನು ವಿಚಾರಿಸಿ. ಅಪ್ಪ ದತ್ತು ಹೋಮ ಮಾಡಿಸಿದ್ದಾರೆ ಅಂದಮೇಲೆ ಗೋತ್ರದ ಮಾತನ್ನು ಭಟ್ಟರ ಹತ್ತಿರ ಧೈರ್ಯವಾಗಿ ಎತ್ತಬಹುದು.

ಆದರೆ 'ಮದುವೆ ಆಗಿಹೋಗಲಿ, ಯಾರಿಗೂ ಹೇಳುವುದು ಬೇಡ' ಅಂತ ಅಪ್ಪ ಅಂದಿದ್ದಾರಂತಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಮದುವೆಗೆ ಚಿಕ್ಕಪ್ಪ ಬರುತ್ತಾರೆ. ಅವರ ಅಕ್ಕನೂ ಬರುತ್ತಾರೆ. ಆ ಅತ್ತೆ ಊಟದ ಪಂಕ್ತಿಯಲ್ಲಿ ಕೂತು, 'ಅವಳಮ್ಮ ಇದ್ದಿದ್ದರೆ' ಅಂತ ಕಣ್ಣೊರೆಸಿಕೊಳ್ಳದೆ ಇರುತ್ತಾರಾ? ಪಕ್ಕದ ಎಲೆಯಲ್ಲಿ ಸಾಗರದವರು ಕೂತಿರುತ್ತಾರೆ.

ಓನರಮ್ಮ ಹೇಳಿ ಹೇಳಿ ನನಗೆ 'ಮೈ ಗೋಲ್ಡನ್ ಲೈಫ್' ತೋರಿಸಿದರು. 2017ರಲ್ಲಿ ಶುರುವಾಗಿದ್ದು, ಒಂದು ಹಂತದಲ್ಲಿ ಶೇ 45ರಷ್ಟು ರೇಟಿಂಗ್ ಬಂದಿತ್ತಂತೆ. ದಾರಿಯಲ್ಲಿ ಸಿಕ್ಕ ಮಗುವನ್ನು ಒಬ್ಬಳು ತಾಯಿ ತನ್ನ ಮಗಳ ಜೊತೆ ಅವಳಿ ಅಂತ ಬೆಳೆಸುತ್ತಾಳೆ. ದೊಡ್ಡ ಶ್ರೀಮಂತರು ಕಳೆದುಹೋದ ಮಗಳನ್ನು ಹುಡುಕಿಕೊಂಡು ಬಂದಾಗ, ಹೆತ್ತ ಮಗಳನ್ನೇ ಅವರ ಮಗಳು ಅಂತ ಕಳಿಸಿಬಿಡುತ್ತಾಳೆ. ಎಲ್ಲ ಹೊರಗೆ ಬಿದ್ದಾಗ ಸಾಕುಮಗಳು ಮನೆಯವರ ಮೇಲೆ ಎಂಥ ಸಿಟ್ಟು ಮಾಡುತ್ತಾಳೆ ಗೊತ್ತಾ? ಸಾಕಿದ್ದಕ್ಕಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ ಅನ್ನುವುದಕ್ಕೆ. ಓನರಮ್ಮ ತಾಯಿಯ ಪರ, ನಾನು ಆ ಹುಡುಗಿಯ ಪರ. ಭಾಷೆ ಅರೆಬರೆ ಬಂದರೂ ಜಗಳ ಪೂರ್ತಿ ಆಯಿತು.

ನೀನು ಆ ತಾಯಿಯ ಹಾಗೆ ಯಾರಿಗೂ ಮೋಸ ಮಾಡಿದವಳಲ್ಲ. ಆದರೂ ಶುಭಾ ಇದನ್ನು ನಿನ್ನ ಬಾಯಿಂದಲೇ ಕೇಳಬೇಕಮ್ಮ. ನಿಶ್ಚಿತಾರ್ಥಕ್ಕೆ ಮುಂಚೆ, ಅಪ್ಪನೂ ಜೊತೆಗಿರಲಿ. ಟ್ರಂಕಿನಲ್ಲಿರುವ ಚಿಕ್ಕಮ್ಮನ ಮದುವೆ ಫೋಟೋ ಅವಳ ಕೈಗೆ ಕೊಡು. ಸಾಗರದವರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ಆಮೇಲೆ ಅವಳೇ ಹೇಳಲಿ. ಅತ್ತರೆ ಅಳಲಿ. ಅಡುಗೆಮನೆ ಬಾಗಿಲು ಹಾಕಿಕೊಂಡರೆ ತಕ್ಷಣ ನನಗೆ ಫೋನ್ ಮಾಡು, ಇಲ್ಲಿ ಮಧ್ಯರಾತ್ರಿಯಾದರೂ ಪರವಾಗಿಲ್ಲ. ನಿಮಗಿಂತ ಮೂರೂವರೆ ಗಂಟೆ ಮುಂದೆ ಇದ್ದೇವೆ ಅಷ್ಟೆ. ಬೇಕಾದರೆ ನಾನೇ ಬರುತ್ತೇನೆ, ಇವರೂ ಹೋಗಿ ಬಾ ಅಂದಿದ್ದಾರೆ.

ನನ್ನ ಬಗ್ಗೆ ಯೋಚನೆ ಬೇಡ. ಊಟ ಚೆನ್ನಾಗಿದೆ, ಬೇಳೆ ಸಿಗುತ್ತದೆ, ಹುಣಸೆಹಣ್ಣೂ ಇದೆ, ಮೀನಿನ ಸಾರ ಹಾಕದ ಕಿಮ್ಚಿ ಓನರಮ್ಮ ನಮಗೇ ಅಂತ ಬೇರೆ ಮಾಡಿಕೊಡುತ್ತಾರೆ. ಚಳಿ ಏನೂ ಇಲ್ಲ. ಅಂದರೆ ಇದೆ, ನೆಲದ ಕೆಳಗೇ ಬಿಸಿನೀರು ಹರಿಯುವುದರಿಂದ ಮನೆಯೊಳಗೆ ಗೊತ್ತಾಗುವುದಿಲ್ಲ. ಎಲ್ಲಾ ಚೆನ್ನಾಗಿದೆ, ನಿಜವಾಗಲೂ ಚೆನ್ನಾಗಿದೆ. ಅಪ್ಪ ಬಿಪಿ ಮಾತ್ರೆ ತಪ್ಪಿಸದ ಹಾಗೆ ನೋಡಿಕೋ.

ಪುಟ್ಟಿಯನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು, ಪೋಸ್ಟ್ ಆಫೀಸೂ ಮುಚ್ಚಿಬಿಡುತ್ತದೆ. ಮೆಣಸಿನಪುಡಿ ಕಳಿಸುವುದಾದರೆ ಎರಡು ಕವರ್ ಹಾಕು. ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗಳು,
ರಶ್ಮಿ