ಹಿಂದೆ ಸರಿದವರು ಹಿಮ್ಮೆಟ್ಟಿದವರಲ್ಲ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಚುನಾವಣೆಯ ವರದಿ ಬರೆಯುವಾಗ ‘ಹಿರಿಯ ಸದಸ್ಯರೊಬ್ಬರು ಕಣದಿಂದ ಹಿಮ್ಮೆಟ್ಟಿದರು’ ಎಂದು ನಾನೇ ಬರೆದಿದ್ದೆ. ಸಂಚಿಕೆ ಕೈಸೇರಿದ ಮರುದಿನ ಮುಂಬಯಿ ಬಳಿಯ ಡೊಂಬಿವಲಿಯಿಂದ ಆ ಹಿರಿಯರ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. “ಹಿಮ್ಮೆಟ್ಟೂದು ಅಂದ್ರ ಸೋತು ಕಾಲ್ತಗಿಯೂದಲ್ಲೇನ್ರಿ? ನಾ ಹಿಂದ ಸರದೀನ್ರಿ. ಸಣ್ಣವರು ಬರಲಿ ಅಂತ ಜಾಗಾ ಬಿಟ್ಟೀನಿ” ಎಂದರು.

ಅವರ ಮಾತು ಅಕ್ಷರಶಃ ಸರಿ. ‘ಹಿಂ’ ಮತ್ತು ‘ಮೆಟ್ಟು’ ಕೂಡಿ ಹಿಮ್ಮೆಟ್ಟು ಆಗಿದೆ; ಎದುರಾಳಿಯ ಒತ್ತಡ ತಾಳಲಾರದೆ ಒಂದೊಂದೇ ಹೆಜ್ಜೆಯನ್ನು ಹಿಂದಕ್ಕೆ ಊರುತ್ತ ಹೋಗುವವನ ಚಿತ್ರ ಆ ಪದದೊಳಗಿದೆ. ಸೈನ್ಯ ಹಿಮ್ಮೆಟ್ಟುತ್ತದೆ ಎಂದೊಡನೆ ಅದನ್ನು ಹಿಮ್ಮೆಟ್ಟಿಸಿದವರು ಯಾರೆಂದು ಕೇಳಬೇಕೆನಿಸುವುದು ಅದರಿಂದಲೇ. ಸರಿಯುವುದಕ್ಕೆ ಎದುರಾಳಿ ಬೇಕಿಲ್ಲ. ನಮ್ಮ ಲೋಕಲ್ ರೈಲಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವರು ಬಂದು ನಿಂತಾಗ ಕುಳಿತವರು ಮಾತಿಲ್ಲದೆ ತುಸು ತುಸುವೇ ಒತ್ತಿಕೊಂಡು ಜಾಗ ಮಾಡಿಕೊಡುತ್ತಾರಲ್ಲ, ಅದು ಸರಿಯುವುದು. ನಮ್ಮ ಹಿರಿಯರು ಮಾಡಿದ್ದೂ ಅದನ್ನೇ.

ನನ್ನ ತಪ್ಪಿನ ಮೂಲ ಹುಡುಕಿದಾಗ ಸಿಕ್ಕಿದ್ದು ದಿನವೂ ಓದುವ ಮರಾಠಿ ಪತ್ರಿಕೆ. ಮರಾಠಿಯಲ್ಲಿ ಸೈನ್ಯವೂ ‘ಮಾಘಾರ್’ ತೆಗೆದುಕೊಳ್ಳುತ್ತದೆ, ಉಮೇದುವಾರರೂ ‘ಮಾಘಾರ್’ ತೆಗೆದುಕೊಳ್ಳುತ್ತಾರೆ. ಎರಡಕ್ಕೂ ಅವರಿಗೆ ಒಂದೇ ಮಾತು ಸಾಕು. ಅದು ಅವರ ಭಾಷೆಯ ಕೊರತೆಯಲ್ಲ. ಆದರೆ ನಮ್ಮಲ್ಲಿ ಎರಡು ಬೇರೆ ಮಾತುಗಳಿರುವಾಗ ಒಂದನ್ನೇ ಎಲ್ಲ ಕಡೆಗೂ ಹಚ್ಚಿದರೆ ಒಬ್ಬರ ಮನಸ್ಸಿಗೆ ಪೆಟ್ಟಾಗುತ್ತದೆ ಎಂಬುದು ಈಗ ತಿಳಿಯಿತು.

ಈ ಬಳಗದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಹಿಂದೆಗೆ’. ತೆಗೆ ಎಂಬುದರ ತಕಾರ ದಕಾರವಾಗಿ ಆದ ರೂಪವಿದು, ಮುಂಗಾರಿನಲ್ಲಿ ಕಾರು ಗಾರು ಆದ ಹಾಗೆ. ಹಳಗನ್ನಡದಲ್ಲಿ ‘ಹಿಂ’ ಎಂಬುದು ‘ಪಿಂ’ ಆಗಿತ್ತು. ನಮ್ಮ ತುಳು ಸದಸ್ಯರು ಹಿಂದಕ್ಕೆ ಎನ್ನಲು ‘ಪಿರ’ ಎನ್ನುವಾಗ ಆ ಪಕಾರ ಇಂದಿಗೂ ಕಿವಿಗೆ ಬೀಳುತ್ತದೆ. ಮುಂದಿಟ್ಟದ್ದನ್ನು ಮರಳಿ ಎಳೆದುಕೊಳ್ಳುವುದೂ ಹಿಂದೆಗೆಯುವುದೇ, ತಾನೇ ಅಳುಕಿ ಹಿಂಜರಿಯುವುದೂ ಹಿಂದೆಗೆಯುವುದೇ. ‘ಪ್ರಾಣ ಕೊಡಲೂ ಹಿಂದೆಗೆಯದವರು’ ಎನ್ನುವಾಗಿನ ಬಿಗುವು ‘ಹಿಂದೆ ಸರಿಯದವರು’ ಎಂದರೆ ಬಾರದು. ಈಗ ಅದರ ಜಾಗದಲ್ಲಿ ಹೆಚ್ಚಾಗಿ ಕಾಣುವುದು ‘ಹಿಂತೆಗೆದುಕೊಳ್ಳು’. ನಾಮಪತ್ರಕ್ಕೆ, ದೂರಿಗೆ, ಆಡಿದ ಮಾತಿಗೆ ಅದು ಒಪ್ಪುತ್ತದೆ; ಮನುಷ್ಯನ ಅಳುಕಿಗೆ ಒಪ್ಪುವುದಿಲ್ಲ.

‘ಹಿಂಪಡೆ’ ಇನ್ನೊಂದು ಬಗೆಯದು. ಕೊಟ್ಟದ್ದನ್ನು ಮರಳಿ ಪಡೆಯುವುದು ಅದರ ಅರ್ಥ. 2023ರ ಮೇ ತಿಂಗಳಲ್ಲಿ 2,000 ರೂಪಾಯಿಯ ನೋಟುಗಳನ್ನು ಚಲಾವಣೆಯಿಂದ ಹಿಂಪಡೆಯಲಾಯಿತು ಎಂದಾಗ ಅದು ಸರಿಯಾಗಿಯೇ ಕೂತಿತ್ತು. ಸ್ಪರ್ಧೆಯಿಂದ ಹೊರಬಂದವರನ್ನು ‘ಹಿಂಪಡೆದರು’ ಎನ್ನಲಾಗದು.

‘ಹಿಂ’ ಎಂದಲ್ಲೆಲ್ಲ ಹೋಗುವುದೇ ಇರಬೇಕೆಂದೂ ಇಲ್ಲ. ಅಕ್ಟೋಬರಿನಲ್ಲಿ ಮುಂಬಯಿಯನ್ನು ಬಿಟ್ಟು ಹೊರಡುವ ಮಳೆಯನ್ನು ಮರಾಠಿಯವರು ‘ಪರತೀಚಾ ಪಾವೂಸ್’, ಅಂದರೆ ಮರಳುವ ಮಳೆ, ಎನ್ನುತ್ತಾರೆ. ಆ ದಿನಗಳಲ್ಲಿ ವಿಜಯಪುರದ ಕಡೆ ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತದೆ. ಅಲ್ಲಿನ ‘ಹಿಂ’ ಎಂದರೆ ಆಮೇಲೆ ಬರುವುದು. ರೈತನಿಗೆ ಅದು ಬರುವ ಮಳೆ.

ಕಳೆದ ಸಂಚಿಕೆಯ ವರದಿಯ ಆ ಸಾಲನ್ನು ಹಿಂತೆಗೆದುಕೊಂಡಿದ್ದೇನೆ. ಅದನ್ನು ಓದುಗರು ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ: ‘ಹಿರಿಯ ಸದಸ್ಯರೊಬ್ಬರು ಕಿರಿಯರಿಗೆ ಅವಕಾಶವಾಗಲೆಂದು ತಮ್ಮ ನಾಮಪತ್ರವನ್ನು ಹಿಂತೆಗೆದುಕೊಂಡು ಕಣದಿಂದ ಹಿಂದೆ ಸರಿದರು.’