ಪಿಕಪ್ಪಿನ ಕೀ ನನ್ನ ಹತ್ತಿರವೇ ಇದೆ

ಪ್ರೀತಿಯ ಕೂಸೇ,

ನೀನು ಫೋನು ಎತ್ತುತ್ತಿಲ್ಲ. ಎತ್ತಿದರೂ ಮೊನ್ನೆಯ ಹಾಗೇ ಆಗುತ್ತದೆ, ನೀನೊಂದು ಹೇಳುವುದು, ನಾನೊಂದು ಹೇಳುವುದು, ನಿಮ್ಮಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗುವುದು. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ತೋಟದವರು ನಾಳೆ ಬೆಳ್ತಂಗಡಿಗೆ ಇಳಿಯುತ್ತಾರಂತೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನರ್ಸರಿಯಲ್ಲಿ ಕೆಲಸದವರೆಲ್ಲ ಹೋದ ಮೇಲೆ ಒಂದು ಕಡೆ ಕೂತು ಓದು. ಅರ್ಧ ಓದಿ ಮಡಚಿಡಬೇಡ.

ಅಜ್ಜನ ಹಳೇ ಪಿಕಪ್ ಗಾಡಿಯನ್ನು ನೀನು ರಿಪೇರಿ ಮಾಡಿಸುವುದನ್ನು ನೋಡಿ "ತುಕ್ಕು ಹಿಡಿದ ತಗಡಿಗೆ ದುಡ್ಡು ಸುರೀತಿದ್ದೀಯ" ಅಂದೆನಲ್ಲ, ಆ ಮಾತು ನಿನಗೆ ಎಷ್ಟು ನಾಟಿತು ಅಂತ ನಿನ್ನ ಮುಖ ನೋಡಿದಾಗಲೇ ಗೊತ್ತಾಯಿತು. ಬೇಜಾರು ಮಾಡಿಕೊಳ್ಳಬೇಡ ಮಗಳೇ. ಹೆದರಿಕೆ ಆದಾಗ ನನ್ನ ಬಾಯಲ್ಲಿ ಸಿಟ್ಟೇ ಬರುತ್ತದೆ, ನಿಮ್ಮಜ್ಜನಿಗೂ ಹಾಗೇ ಇತ್ತು. ಹೆದರಿಕೆ ಯಾತಕ್ಕೆ ಅಂತ ಮುಂದೆ ಹೇಳುತ್ತೇನೆ.

ನೀನು ಬಸ್ಸು ಹತ್ತಿದ ಮೇಲೆ ಟಾರ್ಚು ಹಿಡಿದು ಕೊಟ್ಟಿಗೆಗೆ ಹೋದೆ. ಗೋಣಿತಾಟು ಹಾಸಿ ಗಾಡಿಯ ಅಡಿಯಲ್ಲಿ ಮಲಗಿ ಪೂರ್ತಿ ನೋಡಿದೆ. ಕ್ಯಾಬಿನ್ನಿನ ನೆಲವನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸುಗೆ ಹಾಕಿಸಿದ್ದೀಯ. ಮ್ಯಾಟಿನ ಅಡಿ ಮಳೆನೀರು ನಿಂತೂ ನಿಂತೂ ಅದು ಹಪ್ಪಳದ ಹಾಗಾಗಿತ್ತು, ನನಗೆ ಗೊತ್ತಿತ್ತು. ಟಿಂಕರಿಂಗ್ ಮಾಡುವ ಎಷ್ಟೋ ಜನ ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಗುಳ್ಳೆ ಏಳುತ್ತದೆ. ನೀನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿಸಿ ಅದೇ ದಿನ ರೆಡ್ ಆಕ್ಸೈಡ್ ಹೊಡೆಸಿದ್ದೀಯ. ನಮ್ಮ ಕಡೆಯ ಥಂಡಿ ಗಾಳಿಯಲ್ಲಿ ಉಜ್ಜಿದ ಕಬ್ಬಿಣವನ್ನು ಒಂದು ರಾತ್ರಿ ಬಿಟ್ಟರೂ ಬೆಳಿಗ್ಗೆಗೆ ಕೆಂಪು ಪೊರೆ ಬಂದಿರುತ್ತದೆ. ಇದನ್ನು ನಿನಗೆ ಯಾರು ಹೇಳಿಕೊಟ್ಟರೋ, ನಾನಂತೂ ಹೇಳಿರಲಿಲ್ಲ. ಡೀಸೆಲ್ ಪಂಪು ಬಿಚ್ಚಿ ಕ್ಯಾಲಿಬ್ರೇಶನ್ ಮಾಡಿಸಿದಾಗ ಅದರ ಮೇಲಿದ್ದ ಮೈಕೋ ಹೆಸರಿನ ಬಿಲ್ಲೆಯನ್ನು ಒರೆಸಿ ಹಾಗೇ ಉಳಿಸಿದ್ದೀಯ. ಆಡುಗೋಡಿಯ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು, ಆದರೂ ಅಜ್ಜ ಕೊನೆಯವರೆಗೂ ಡೀಸೆಲ್ ಪಂಪನ್ನು "ಮೈಕೋ" ಅಂತಲೇ ಕರೆಯುತ್ತಿದ್ದರು. ಹೀಟರ್ ಪ್ಲಗ್ಗು ಬದಲಿಸಿ, ಬೆಳಗಿನ ಚಳಿಯಲ್ಲಿ ಒಂದೇ ಸ್ಟಾರ್ಟಿಗೆ ಆ ಪೂಜೋ ಕಂಪನಿಯ ಇಂಜಿನ್ನನ್ನು ಎಬ್ಬಿಸಿದೆಯಲ್ಲ, ಆವತ್ತು ನಾನು ಕಾಫಿ ಕಣದಲ್ಲಿ ನಿಂತು ಕೇಳಿಸಿಕೊಂಡೆ. ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು, 2112 ಸಿಸಿ. ಆ ಸದ್ದು ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಒಂದು ಸಿಲಿಂಡರೂ ತಪ್ಪುತ್ತಿರಲಿಲ್ಲ. ನಿನ್ನೆದುರು ಬಂದು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಮಗಳ ಮೇಲೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಹಿಂದಿನ ತೊಟ್ಟಿಯ ಎಡ ಮೂಲೆಯಲ್ಲೇ ಯಾಕೆ ಅಷ್ಟು ತೂತು ಅಂತ ನೀನು ಕೇಳಿದ್ದೆ. ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು ನಿಲ್ಲುತ್ತಿದ್ದ ಜಾಗ ಅದು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆ.ಜಿ. ಸುಣ್ಣ. ಸುಣ್ಣ ಸಾಲದೇ ಹೋದರೆ ಗೊತ್ತಾಗಲಿ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ, ಅಲಗಿಗೆ ತಾಮ್ರ ಕೂತು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಬೇಕು. ತಾಮ್ರ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಕತ್ತಿಗೆ ಕ್ಷಣಮಾತ್ರ ಆಗುವುದು ಆ ಮೂಲೆಗೆ ಮಳೆಗಾಲಪೂರ್ತಿ ಆಗಿದೆ. ಮೈಲುತುತ್ತದ ನೀರು ಅಲ್ಲೇ ಚೆಲ್ಲುತ್ತಿತ್ತು. ಅದು ಸಾಲದು ಅಂತ ಪೊಟ್ಯಾಷ್ ಚೀಲಗಳು, ಅದೂ ಒಂದು ಉಪ್ಪೇ. ಹಣ್ಣಿನ ದಿನಗಳಲ್ಲಿ ಒದ್ದೆ ಕಾಫಿ ಹಣ್ಣಿನ ಹುಳಿ ರಸ. ಅಷ್ಟನ್ನೆಲ್ಲ ತಡೆದುಕೊಂಡು ಆ ಗಾಡಿ ಇಷ್ಟು ವರ್ಷ ನಿಂತಿದ್ದೇ ದೊಡ್ಡದು.

ಅಜ್ಜ ಅದನ್ನು ಕೊಂಡದ್ದು 1995ರಲ್ಲಿ, ಒಂದು ಎಸ್ಟೇಟಿನವರು ಓಡಿಸಿ ಬಿಟ್ಟದ್ದನ್ನು. ಅದಕ್ಕೆ ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟು, ಇಲ್ಲಿ ಬೆಲೆ ಏರಿತ್ತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕು, ಬೋರ್ಡೇ ಒಟ್ಟು ಸೇರಿಸಿ ಮಾರಬೇಕು ಎಂಬ ಕಾಲವೂ ಮುಗಿಯುತ್ತಾ ಬಂದಿತ್ತು. ನಮ್ಮಂಥ ಸಣ್ಣ ಹಿಡುವಳಿಯವರ ಅಂಗಳಕ್ಕೆ ಗಾಡಿ ಬಂದದ್ದು ಆಗಲೇ. ಆಮೇಲಿನದೆಲ್ಲ ನಿನಗೂ ಗೊತ್ತು. ಶಾಲೆ, ಜಾತ್ರೆ, ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ರಾತ್ರಿ, ಅದನ್ನೆಲ್ಲ ಬರೆಯುವುದಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ.

ನಿನಗೆ ಆಗಿನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ಮಳೆ ಬಿಟ್ಟು ಕೆಲವೇ ದಿನ. ಹಿಂದೆ ಬಾಳೆಗೊನೆ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೊರಟಿದ್ದೆ. ಹಾಗೇ ಧರ್ಮಸ್ಥಳಕ್ಕೂ ಹೋಗಿಬರೋಣ ಅಂತ ನೀವಿಬ್ಬರೂ ಹತ್ತಿದಿರಿ. ಕೊಟ್ಟಿಗೆಹಾರ ದಾಟುವಾಗಲೇ ನೀನು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ ಕೈಮುಗಿದು ಕಾಣಿಕೆ ಹಾಕಿದೆ. ಅಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿದಿತ್ತು. ಕೆಳಗೆ ಎರಡು ಮೂರು ತಿರುವು ಕಳೆದ ಮೇಲೆ ಪೆಡಲು ಸ್ವಲ್ಪ ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಒತ್ತಿದೆ, ಕಾಲು ಸೀದಾ ನೆಲಕ್ಕೆ ಹೋಯಿತು. ಪಂಪ್ ಮಾಡಿದೆ, ಏನೂ ಇಲ್ಲ. ನಮ್ಮ ಗಾಡಿಯದು ಒಂದೇ ಸರ್ಕೀಟು, ಒಂದು ಕಡೆ ಆಯಿಲ್ ಹೋದರೆ ನಾಲ್ಕು ಗಾಲಿಯದೂ ಹೋಯಿತು. ಥರ್ಡಿನಿಂದ ಸೆಕೆಂಡಿಗೆ ಎಳೆದೆ, ಇಂಜಿನ್ನು ಕಿರುಚಿತು. ಹ್ಯಾಂಡ್‌ಬ್ರೇಕ್ ಎಳೆದೆ. ವೇಗ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕೆಳಗಿನ ತಿರುವಿನಿಂದ ಬಸ್ಸು ಮೇಲೆ ಬರುತ್ತಿತ್ತು. ಆ ಜಾಗದಲ್ಲಿ ಧರೆ, ಗುಡ್ಡ ಕಡಿದ ಮಣ್ಣಿನ ಗೋಡೆ, ನಮ್ಮ ಎಡಕ್ಕಿತ್ತು. ಎಡಗಾಲಿಗಳನ್ನು ಚರಂಡಿಗೆ ಇಳಿಸಿ ಗಾಡಿಯನ್ನು ಧರೆಗೆ ಒರಗಿಸಿದೆ. ಕನ್ನಡಿ ಮುರಿಯಿತು, ಮಡ್‌ಗಾರ್ಡು ಹರಿಯಿತು, ಬಾಗಿಲು ಒಳಗೆ ಬಗ್ಗಿತು, ಕಿಟಕಿಯಿಂದ ಮಣ್ಣು ಬಂದು ಅಮ್ಮನ ಮೇಲೆ ಬಿತ್ತು. ಗಾಡಿ ನಿಂತಿತು. ನೀನು ಎದ್ದು "ಧರ್ಮಸ್ಥಳ ಬಂತಾ?" ಅಂತ ಕೇಳಿದೆ.

ಬಸ್ಸಿನ ಡ್ರೈವರು ಇಳಿದು ಬಂದು ಗಾಲಿಗೆ ಕಲ್ಲು ಕೊಟ್ಟ. ನನ್ನ ಕಾಲು ಪೆಡಲಿನ ಮೇಲೇ ಇತ್ತು, ಅವನು ಹೇಳಿದ ಮೇಲೆ ತೆಗೆದೆ. ಅಡಿಗೆ ಬಗ್ಗಿ ನೋಡಿದವನೂ ಅವನೇ. ಚಾಸಿಯ ಉದ್ದಕ್ಕೆ ಹೋಗುವ ಬ್ರೇಕ್ ಪೈಪು ಒಂದು ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದು ಒಡೆದಿತ್ತು. ಪೈಪಿನ ಉಳಿದ ಭಾಗವೆಲ್ಲ ಚೆನ್ನಾಗಿತ್ತು. ಕ್ಲಿಪ್ಪಿನ ಒಳಗೆ ಕೆಸರು ಸೇರಿ, ಒಣಗದೆ, ಅಲ್ಲಿ ಮಾತ್ರ ತಿಂದಿತ್ತು. ಹೊರಗಿನಿಂದ ನೋಡಿದ ಯಾರಿಗೂ ಅದು ಕಾಣುವಂತಿರಲಿಲ್ಲ.

ಆ ತಿರುವು ನನ್ನನ್ನು ಈಗಲೂ ಬಿಟ್ಟಿಲ್ಲ. ಅಲ್ಲಿಂದ ಮುಂದಿನ ತಿರುವಿನಲ್ಲಿ ಎಡಕ್ಕೆ ಧರೆ ಇಲ್ಲ, ಕಣಿವೆ. ಪೈಪು ಅರ್ಧ ನಿಮಿಷ ತಡೆದು ಒಡೆದಿದ್ದರೆ? ಬಸ್ಸು ಅರ್ಧ ನಿಮಿಷ ಮೊದಲು ಬಂದಿದ್ದರೆ? ಗುಡಿಯ ಹತ್ತಿರ ನಿಲ್ಲಿಸದೇ ಹೋಗಿದ್ದರೆ ಎಲ್ಲಿ ಒಡೆಯುತ್ತಿತ್ತು? ಚಾರ್ಮಾಡಿಯಲ್ಲಿ ಎಷ್ಟೇ ಸಲ ಇಳಿದರೂ ಆ ಜಾಗ ಬಂದಾಗ ನಾನು ಮಾತು ನಿಲ್ಲಿಸುತ್ತೇನೆ, ನೀನು ಗಮನಿಸಿರಬಹುದು. ರಾತ್ರಿ ಎಚ್ಚರವಾದರೆ ಬಲಗಾಲು ಹಾಸಿಗೆಯನ್ನು ಒತ್ತುತ್ತಿರುತ್ತದೆ. ನಿಮ್ಮಮ್ಮನೂ ನಾನೂ ಆವತ್ತಿನದನ್ನು ಒಬ್ಬರಿಗೊಬ್ಬರು ಎತ್ತಿ ಆಡಿದವರಲ್ಲ. ಧರೆ ಕುಸಿದು ಗಾಡಿಗೆ ತಾಗಿತು ಅಂತ ಅಜ್ಜನಿಗೆ ಹೇಳಿದ್ದೆವು. ನೀನು ಬಡಿಸಿ ಸಮ ಮಾಡಿಸಿದ ಎಡ ಬಾಗಿಲಿನ ಗುಳಿ ಅದೇ. ಸಮವಾದದ್ದು ಒಳ್ಳೆಯದಾಯಿತು. ಅದನ್ನು ನೋಡದೆ ಇದ್ದರೆ ನನಗೇನೂ ಕಡಿಮೆಯಾಗುವುದಿಲ್ಲ.

ಈಗ ನೀನು ಭಾನುವಾರ ಬಂದು ಅದೇ ಗಾಡಿಯನ್ನು, ಅದೇ ಘಾಟಿಯಲ್ಲಿ, ಗೊಬ್ಬರದ ಚೀಲ ಹೇರಿಕೊಂಡು ಇಳಿಸುತ್ತೇನೆ ಅಂದೆ. "ಎಫ್‌ಸಿ ಪಾಸಾಗಿದೆಯಲ್ಲ ಅಪ್ಪ, ಇನ್ನೇನು" ಅಂದೆ. ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು. ಅದನ್ನು ಕೊಡುವವರು ಬ್ರೇಕು ನೋಡುವುದು ಖಾಲಿ ಗಾಡಿಯಲ್ಲಿ, ಸಮ ನೆಲದಲ್ಲಿ. ಅವರ ಕೆಲಸ ಅಷ್ಟೇ, ಅದರಲ್ಲಿ ತಪ್ಪಿಲ್ಲ. ಘಾಟಿಯಲ್ಲಿ ಲೋಡು ಹಿಂದಿನಿಂದ ದಬ್ಬುತ್ತಿರುತ್ತದೆ, ಡ್ರಮ್ಮು ಕಾದು ಬಿಸಿ ಇಳಿಯುವುದರೊಳಗೆ ಮುಂದಿನ ತಿರುವು ಬಂದಿರುತ್ತದೆ.

ನಾನು ಮಲಗಿ ನೋಡಿದಾಗ ಬ್ರೇಕ್ ಪೈಪಿನ ಮೇಲೆ ಚೆಂದಾಗಿ ಕಪ್ಪು ಬಣ್ಣ ಹೊಡೆದಿತ್ತು. ಕ್ಲಿಪ್ಪು ಬಿಚ್ಚದೆ ಹೊಡೆದಿದ್ದಾರೆ. ನೀನು ನಿಂತು ಮಾಡಿಸಿದ ಕೆಲಸದಲ್ಲಿ ನನಗೆ ಸಿಕ್ಕಿದ್ದು ಅದೊಂದೇ, ಆದರೆ ಅದೊಂದೇ ಸಾಕು ನನ್ನ ನಿದ್ದೆ ಹೋಗುವುದಕ್ಕೆ. ಪೈಪು ಪೂರ್ತಿ ಹೊಸದಾಗಲಿ, ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಗಾಲಿಯವರೆಗೆ. ತುಂಡು ಜೋಡಿಸುವುದು ಬೇಡ. ತಾಮ್ರದ ಪೈಪು ಬಗ್ಗಿಸಲು ಸುಲಭ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದು ನಡುಗಿ ನಡುಗಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ ಉಕ್ಕಿನ ಪೈಪು ತಾ, ತುದಿಗೆ ಡಬಲ್ ಫ್ಲೇರ್ ಮಾಡಿಸು, ಅಂದರೆ ಬಾಯಿ ಅಗಲಿಸಿ ಎರಡು ಮಡಿಕೆ ಮಾಡಿಸು. ರಬ್ಬರ್ ಹೋಸುಗಳನ್ನೂ ಬಿಸಾಡು. ಮಳೆಗಾಲಕ್ಕೆ ಮುಂಚೆ ಚಾಸಿಗೆ ಸುಟ್ಟ ಆಯಿಲ್ ಬಳಿಯುವುದು ನಮ್ಮ ಮನೆಯ ಪದ್ಧತಿ, ಅದರಿಂದಲೇ ಚಾಸಿ ಉಳಿದದ್ದು. ಅದೇ ಆಯಿಲ್ ತಾಗಿದರೆ ಬ್ರೇಕಿನ ರಬ್ಬರು ಊದಿ ಹಾಳಾಗುತ್ತದೆ, ಇನ್ನು ಮುಂದೆ ಬಳಿಯುವಾಗ ಹೋಸಿಗೆ ಪ್ಲಾಸ್ಟಿಕ್ ಸುತ್ತಿಕೋ.

ಬ್ರೇಕ್ ಆಯಿಲ್ ಹೊಸ ಡಬ್ಬಿಯದೇ ಆಗಬೇಕು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ಲೆಕ್ಕ, ನೀರು ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ, ಪೆಡಲು ಒತ್ತಿದರೆ ಆವಿಯೇ ಅಮುಕಿಕೊಳ್ಳುತ್ತದೆ, ಗಾಲಿಗೆ ಬಲ ಹೋಗುವುದಿಲ್ಲ. ಪೈಪಿನೊಳಗಿನ ಏರ್ ತೆಗೆಸಿದ ಮೇಲೆ ಇಂಜಿನ್ ಆಫ್ ಮಾಡಿ ಪೆಡಲನ್ನು ಬಲವಾಗಿ ಒತ್ತಿ ಹಾಗೇ ಹಿಡಿದುಕೋ. ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿ. ಡೀಸೆಲ್ ಉಳಿಸುತ್ತೇನೆ ಅಂತ ಯಾವ ಕಾರಣಕ್ಕೂ ನ್ಯೂಟ್ರಲ್ ಮಾಡಬೇಡ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡ, ಒತ್ತಿ, ಬಿಡು, ಡ್ರಮ್ಮಿಗೆ ಉಸಿರಾಡಲು ಬಿಡು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಿಲ್ಲಿಸು, ಭಕ್ತಿ ಇದ್ದರೂ ಸರಿ ಇಲ್ಲದಿದ್ದರೂ ಸರಿ, ಇಳಿದು ಗಾಲಿಗಳನ್ನು ಒಂದು ಸುತ್ತು ನೋಡು. ಹೊಗೆ, ಸುಟ್ಟ ವಾಸನೆ ಏನಾದರೂ ಇದ್ದರೆ ಆರುವವರೆಗೆ ಅಲ್ಲೇ ಕೂತಿರು. ಒಬ್ಬಳೇ ಹೊರಡಬೇಡ. ಕತ್ತಲಾದ ಮೇಲೆ ಬೇಡ. ಮಂಜು ಇದ್ದರೆ ಬೇಡ.

ನೋಡು, ಮತ್ತೆ ಪಾಠ ಶುರುವಾಯಿತು ಅನ್ನುತ್ತೀಯ. ಅನ್ನು, ಪರವಾಗಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ಬೆಳೆಸುತ್ತೇನೆ ಅಂದಾಗ ಬೇಡ ಅನ್ನಲಿಲ್ಲ ನಾನು. ಸಾಲ ತೆಗೆದಾಗಲೂ ಅನ್ನಲಿಲ್ಲ. ಈ ಗಾಡಿ ನಿನ್ನದು, ಅಜ್ಜ ಇದ್ದಿದ್ದರೆ ಅವರೇ ಕೊಡುತ್ತಿದ್ದರು. ಇದರ ಬೆನ್ನ ಮೇಲೆ ನಿನ್ನ ಸಸಿಗಳು ಊರೂರು ಹೋಗಲಿ ಅಂತ ನಿನಗಿಂತ ನನಗೇ ಹೆಚ್ಚು ಆಸೆ ಇದೆ.

ಕೀ ಹುಡುಕಬೇಡ, ನನ್ನ ಜೇಬಿನಲ್ಲಿದೆ. ಪೈಪು ಬದಲಾದ ದಿನ ಕೊಡುತ್ತೇನೆ. ಭಾನುವಾರ ಬೆಳಗಿನ ಬಸ್ಸಿಗೇ ಬಾ. ಮೆಕ್ಯಾನಿಕ್ಕನಿಗೆ ಮನೆಗೇ ಬರಲು ಹೇಳಿದ್ದೇನೆ, ಫ್ಲೇರ್ ಮಾಡುವ ಟೂಲು ಅವನ ಹತ್ತಿರ ಇದೆ. ನೀನು ಬರುವಾಗ ಪೈಪು, ಮೂರು ಹೋಸು, ವಾಷರುಗಳು, ಒಂದು ಲೀಟರ್ ಬ್ರೇಕ್ ಆಯಿಲ್ ತಾ, ಸೀಲು ನೋಡಿ ತೆಗೆದುಕೋ. ಕ್ಲಿಪ್ಪುಗಳೂ ಹೊಸವೇ ಇರಲಿ. ದುಡ್ಡು ನಾನು ಕೊಡುತ್ತೇನೆ, ಬೇಡ ಅನ್ನಬೇಡ. ಮೊದಲ ಸಲ ಘಾಟಿ ಇಳಿಯುವಾಗ ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ, ಸ್ಟೇರಿಂಗ್ ನಿನ್ನದೇ.

ನಿನ್ನ,
ಅಪ್ಪ