ಊರುಗೋಲು ಅಟ್ಟ ಸೇರಿತು

ಮೊನ್ನೆ ಸೋಮವಾರ ಊರುಗೋಲನ್ನು ಅಟ್ಟಕ್ಕೆ ಹಾಕಿದೆ. ಅದಕ್ಕೇ ಈ ನಾಲ್ಕು ಮಾತು.

ಬೈಕಿನಿಂದ ಬಿದ್ದು, ಮೊಣಕಾಲ ಕೆಳಗಿನ ಮೂಳೆಗೆ ರಾಡ್ ಹಾಕಿಸಿಕೊಂಡವನು ನಾನು. ಗಾಯ ಮಾಯಿತು, ನೋವು ಮಾಯಲಿಲ್ಲ. ಎಕ್ಸ್‌ರೇ ನೋಡಿದವರೆಲ್ಲ "ಮೂಳೆ ಕೂಡಿದೆ, ನಡೀರಿ" ಅನ್ನೋರು. ಎಂಆರ್‌ಐನಲ್ಲಿ ರಾಡಿನ ಸುತ್ತ ಬರೀ ಮಸುಕು. ಒಬ್ಬರಂತೂ ನೋವು ಕಾಲಲ್ಲಿಲ್ಲ, ತಲೆಯಲ್ಲಿದೆ ಅಂದುಬಿಟ್ಟರು. ವರ್ಷ ಕಳೆಯುವ ಹೊತ್ತಿಗೆ ನಾನೂ ಅರ್ಧ ನಂಬಿದ್ದೆ.

ಅದನ್ನು ನಂಬದೆ, ವಿಕಿರಣ ಸೂಸುವ ಔಷಧ ಕೊಟ್ಟು ಒಳಗಿನ ರೋಗ ಹುಡುಕುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಕಳಿಸಿದ ಮೂಳೆ ಡಾಕ್ಟರಿಗೆ ಮೊದಲ ನಮಸ್ಕಾರ.

ದೊಡ್ಡ ನಮಸ್ಕಾರ ಮಾತ್ರ ಅಲ್ಲಿನ ವೈದ್ಯೆಗೆ. ಔಷಧ ಚುಚ್ಚಿ ಮೂರು ಹಂತದಲ್ಲಿ ಮೂಳೆಯ ಚಿತ್ರ ತೆಗೆಯುವ ಬೋನ್ ಸ್ಕ್ಯಾನಿನಲ್ಲಿ ಕಾಲು ಮಸಿ ಬಳಿದಂತೆ ಕಪ್ಪಗೆ ಕಂಡಿತ್ತು. ಇನ್‌ಫೆಕ್ಷನ್ ಎಂದು ಬರೆದು ಕಳಿಸಬಹುದಿತ್ತು, ಬರೆಯಲಿಲ್ಲ. ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ಧಾತು ಬೆರೆಸಿದ ಆ ಔಷಧ ಹೊಸ ಮೂಳೆ ಕಟ್ಟುವಲ್ಲೆಲ್ಲ ಹೋಗಿ ಕೂರುತ್ತದಂತೆ, ಕೂತಲ್ಲಿ ಕಪ್ಪಗೆ ಕಾಣುತ್ತದಂತೆ. ಮುರಿದದ್ದು ಕೂಡುತ್ತಿದೆಯೋ ಕೀವಾಗಿದೆಯೋ ಅದಕ್ಕೆ ಗೊತ್ತಾಗದು. "ಕೀವಿದ್ದಲ್ಲಿಗೆ ಓಡುವುದು ಬಿಳಿ ರಕ್ತಕಣ, ನಿಮ್ಮವನ್ನೇ ಕೇಳೋಣ" ಅಂದರು.

ಸುಮಾರು 50 ಎಂಎಲ್ ರಕ್ತ ತೆಗೆದು, ಬಿಳಿ ಕಣ ಬೇರ್ಪಡಿಸಿ, ಟೆಕ್ನೀಷಿಯಂ ಅಂಟಿಸಿ ನನಗೇ ವಾಪಸ್ ಕೊಟ್ಟರು. ಕೊಡುವ ಮುಂಚೆ ತಂತ್ರಜ್ಞೆ ಮೂರು ಸಲ ಹೆಸರು, ಹುಟ್ಟಿದ ದಿನ ಕೇಳಿದರು. ರೇಗಿದ್ದೆ. ಬೇರೆಯವರ ರಕ್ತ ಮೈಸೇರದಂತೆ ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು. ಕ್ಷಮಿಸಿ ತಾಯಿ.

ಕೊಟ್ಟ 4 ಗಂಟೆಯ ಮೇಲೆ ಒಂದು ಚಿತ್ರ, 24 ಗಂಟೆಯ ಮೇಲೆ ಮತ್ತೊಂದು. ಟೆಕ್ನೀಷಿಯಂ 6 ಗಂಟೆಗೊಮ್ಮೆ ಅರ್ಧವಾಗುವ ವಸ್ತು. ಮಾರನೇ ದಿನಕ್ಕೆ ಹದಿನಾರರಲ್ಲಿ ಒಂದು ಪಾಲು ಉಳಿದಿರುತ್ತೆ. ಹಾಗಾಗಿ ಎರಡನೇ ದಿನ ಅಲ್ಲಾಡದೆ ಮಲಗುವ ಹೊತ್ತೂ ಜಾಸ್ತಿ. ಆ ಕ್ಷಯದ ಲೆಕ್ಕ ಕಳೆದು ಹೋಲಿಸಿದಾಗ, ಬಿಳಿ ಕಣ ಸಹಜವಾಗಿಯೇ ಸೇರುವ ಮಜ್ಜೆಯೆಲ್ಲ ಇದ್ದಷ್ಟೇ ಇತ್ತು, ರಾಡಿನ ಕೆಳ ಸ್ಕ್ರೂ ಬಳಿಯ ಚುಕ್ಕೆ ಮಾತ್ರ ಬಲಿತಿತ್ತು, ಅಂದರೆ ಅಲ್ಲಿ ಇನ್‌ಫೆಕ್ಷನ್. ವಿಕಿರಣದ ಚಿತ್ರವನ್ನೂ ಸಿಟಿ ಸ್ಕ್ಯಾನನ್ನೂ ಕೂಡಿಸುವ ಸ್ಪೆಕ್ಟ್-ಸಿಟಿ ಅದು ಚರ್ಮದಲ್ಲಲ್ಲ, ಮೂಳೆಯೊಳಗೇ ಎಂದು ತೋರಿಸಿತು. ರೋಗ ಸಿಕ್ಕಿತೆಂದು ಖುಷಿಪಟ್ಟ ಪೇಷೆಂಟ್ ನಾನೊಬ್ಬನೇ ಇರಬೇಕು!

ಮುಂದಿನದು ಬೇಗ ಹೇಳುತ್ತೇನೆ. ರಾಡ್ ತೆಗೆದರು, ಮೂಳೆ ಕೆರೆದರು, ಕೆರೆದದ್ದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ಕಲ್ಚರಿನಲ್ಲಿ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಬಂತು, 6 ವಾರ ಆ್ಯಂಟಿಬಯೋಟಿಕ್. ಅಷ್ಟೂ ದಿನ ಬುತ್ತಿ ಹೊತ್ತ ತಂಗಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈತಾಳೆ.

ಆ ವಿಭಾಗ ಇರುವುದು ನೆಲಮಾಳಿಗೆಯಲ್ಲಿ. ಅವತ್ತು ವೀಲ್‌ಚೇರಿನಲ್ಲಿ ಲಿಫ್ಟ್ ಇಳಿದಿದ್ದೆ. ಬುಧವಾರ ಮೈಸೂರ್‌ಪಾಕ್ ಹಿಡಿದು ಬರ್ತೀನಿ, ಮೆಟ್ಟಿಲಿಳಿದೇ.